ತೆಳು ಬ್ರಾಂಕೋಸ್ಕೋಪಿನಿಂದ ಶ್ವಾಸಕೋಶದ ಅಂಚಿನ ಗಂಟಿನವರೆಗೆ: ಕೆಲಸ ಮಾಡುವವರಿಗೊಂದು ಕೈಪಿಡಿ

ರೋಣ, ನರಗುಂದ, ಹಾನಗಲ್ಲ ಕಡೆಯಿಂದ ಹುಬ್ಬಳ್ಳಿ-ಧಾರವಾಡಕ್ಕೆ ಬರುವ ರೋಗಿಯ ಕೈಯಲ್ಲಿ ಸಿಟಿ ಸ್ಕ್ಯಾನಿನ ದೊಡ್ಡ ಕವರ್ ಇರುತ್ತದೆ. ಬಲ ಮೇಲಿನ ಹಾಲೆಯ ಅಂಚಿನಲ್ಲಿ 22 ಮಿ.ಮೀ. ಗಂಟು ಎಂದು ರಿಪೋರ್ಟ್ ಹೇಳುತ್ತದೆ. ಅದು ಕ್ಷಯವೋ, ಕ್ಯಾನ್ಸರೋ, ಹಳೆಯ ಕಲೆಯೋ ಎಂಬುದು ಚಿತ್ರ ನೋಡಿದರೆ ತಿಳಿಯುವುದಿಲ್ಲ, ಅಲ್ಲಿಂದ ಒಂದು ಚೂರು ಬೇಕು. ಕ್ಷಯ ಇಷ್ಟು ಸಾಮಾನ್ಯವಾಗಿರುವ ನಮ್ಮ ಸೀಮೆಯಲ್ಲಿ ಚೂರು ತೆಗೆಯದೆಯೇ ಆರು ತಿಂಗಳ ಕ್ಷಯದ ಗುಳಿಗೆ ಶುರುಮಾಡಿ ಕಾದು ನೋಡುವ ರೂಢಿ ಇನ್ನೂ ಹೋಗಿಲ್ಲ. ಗಂಟು ಕ್ಯಾನ್ಸರಾಗಿದ್ದರೆ ಆಪರೇಷನ್ನಿಗೆ ಸಿಗಬೇಕಾಗಿದ್ದ ಕಾಲವೇ ಆ ಆರು ತಿಂಗಳಲ್ಲಿ ಕಳೆದುಹೋಗುತ್ತದೆ. ಹಾಗಾಗಿ ಅಂಚಿನ ಗಂಟನ್ನು ಬ್ರಾಂಕೋಸ್ಕೋಪ್ (ಶ್ವಾಸನಾಳಕ್ಕೆ ಇಳಿಸುವ ಕ್ಯಾಮೆರಾ ಕೊಳವೆ) ಬಳಸಿ ಒಳದಾರಿಯಿಂದಲೇ ಮುಟ್ಟುವ ಈ ಕೆಲಸವನ್ನು ನಮ್ಮ ಭಾಗದ ಶ್ವಾಸಕೋಶ ವಿಭಾಗದ ಪಿಜಿ ವೈದ್ಯರು, ಟೆಕ್ನಿಷಿಯನ್ನರು, ನರ್ಸ್‌ಗಳು ವಿವರವಾಗಿ ತಿಳಿದಿರಬೇಕು. ಇದು ಅವರಿಗಾಗಿ.

ಚಾನೆಲ್ಲಿನ ಅಳತೆ

ನಿತ್ಯ ಬಳಸುವ ಬ್ರಾಂಕೋಸ್ಕೋಪಿನ ಹೊರವ್ಯಾಸ 5ರಿಂದ 6 ಮಿ.ಮೀ. ಅದು ಸೆಗ್ಮೆಂಟಿನ (ಹಾಲೆಯ ಒಂದು ಭಾಗದ) ಗಾಳಿನಾಳದಲ್ಲಿ, ಹೆಚ್ಚೆಂದರೆ ಅದರ ಮುಂದಿನ ಕವಲಿನ ಬಾಯಲ್ಲಿ ನಿಂತುಬಿಡುತ್ತದೆ. ಅಲ್ಲಿಂದಾಚೆ ಫೋರ್ಸೆಪ್ಸ್ (ಚೂರು ಕಚ್ಚಿ ತೆಗೆಯುವ ಚಿಮಟ) ಹೋಗುವುದು ಕುರುಡು ದಾರಿ. 4 ಮಿ.ಮೀ. ಆಸುಪಾಸಿನದನ್ನು ತೆಳು ಸ್ಕೋಪ್ ಎನ್ನುತ್ತೇವೆ, ಅದರ ಚಾನೆಲ್ (ಉಪಕರಣ ತೂರಿಸುವ ಒಳಕೊಳವೆ) 2.0 ಮಿ.ಮೀ. ಇರುತ್ತದೆ. 3.5 ಮಿ.ಮೀ.ಗಿಂತ ಸಣ್ಣದು ಅತಿ ತೆಳು ಸ್ಕೋಪ್. ಒಲಿಂಪಸ್‌ನ ಬಿಎಫ್-ಎಂಪಿ190ಎಫ್ ಮಾದರಿಯಲ್ಲಿ ತುದಿ 3.0 ಮಿ.ಮೀ., ಚಾನೆಲ್ 1.7 ಮಿ.ಮೀ. ಇದಕ್ಕೂ ಹಳೆಯ ಕೆಲವು ಅತಿ ತೆಳು ಸ್ಕೋಪುಗಳ ಚಾನೆಲ್ 1.2 ಮಿ.ಮೀ. ಮಾತ್ರ, ಅವುಗಳಲ್ಲಿ ಅಲ್ಟ್ರಾಸೌಂಡ್ ಪ್ರೋಬ್ ತೂರುವುದೇ ಇಲ್ಲ.

1.7 ಮಿ.ಮೀ. ಅಂದರೆ ಒಂದು ಸಾಸಿವೆ ಕಾಳಿನ ಅಗಲ. ಈ ಕೆಲಸದಲ್ಲಿ ಸುಲಭವಾಗುವುದು, ಕಷ್ಟವಾಗುವುದು ಎರಡೂ ಈ ಅಳತೆಯಿಂದಲೇ. ರೇಡಿಯಲ್ ಈಬಸ್ (ನಾಳದೊಳಗಿನಿಂದ ಸುತ್ತಲೂ ನೋಡುವ ಅಲ್ಟ್ರಾಸೌಂಡ್) ಪ್ರೋಬಿನ ವ್ಯಾಸ 1.4 ಮಿ.ಮೀ., ಅದು ಹೋಗುತ್ತದೆ. ಆದರೆ ಅದು ಒಳಗಿರುವಾಗ ಸುತ್ತ ಜಾಗ ಉಳಿಯುವುದಿಲ್ಲವಾದ್ದರಿಂದ ಸಕ್ಷನ್ ಇಲ್ಲವೆಂದೇ ತಿಳಿಯಬೇಕು. ಉಪಕರಣಗಳನ್ನು ಅದೇ ಜಾಗಕ್ಕೆ ಒಯ್ಯುವ ಹೊರಕೊಳವೆಯಾದ ಸಣ್ಣ ಗೈಡ್ ಶೀತ್‌ನ ಹೊರವ್ಯಾಸ 1.95 ಮಿ.ಮೀ., ಅದಕ್ಕೆ 2.0ರ ಚಾನೆಲ್ ಬೇಕು, 1.7ರಲ್ಲಿ ಕೂರದು. 1.5 ಮಿ.ಮೀ. ಫೋರ್ಸೆಪ್ಸ್ ಹೋಗುತ್ತದೆ, 1.1 ಮಿ.ಮೀ. ಕ್ರಯೋಪ್ರೋಬ್ (ಚೂರನ್ನು ಹೆಪ್ಪುಗಟ್ಟಿಸಿ ಎಳೆಯುವ ಕಡ್ಡಿ) ಹೋಗುತ್ತದೆ. ಆಸ್ಪಿರೇಷನ್ (ಜೀವಕೋಶ ಹೀರಿ ತೆಗೆಯುವ) ಸೂಜಿಗಳಲ್ಲಿ ಹಲವು 2.0 ಕೇಳುತ್ತವೆ. ಪ್ಯಾಕೆಟ್ ಮೇಲೆ ಬರೆದ ಕನಿಷ್ಠ ಚಾನೆಲ್ ಅಳತೆಯನ್ನು ಹಿಂದಿನ ದಿನವೇ ಓದಿಟ್ಟುಕೊಳ್ಳಿ. ರೋಗಿಗೆ ಮಂಪರು ಕೊಟ್ಟ ಮೇಲೆ ಸೂಜಿ ತೂರುತ್ತಿಲ್ಲ ಎಂದು ತಿಳಿಯುವುದು ತಡೆಯಬಹುದಾದ ತಪ್ಪು.

ಇಷ್ಟು ಇಕ್ಕಟ್ಟಿದ್ದರೂ ಫಲ ಹೆಚ್ಚು. ಜಪಾನಿನ ಮಸಾಹಿದೆ ಓಕಿ ಅವರ ತಂಡ 2015ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ, 30 ಮಿ.ಮೀ. ಒಳಗಿನ ಅಂಚಿನ ಗಂಟುಗಳಿಗೆ 3.0 ಮಿ.ಮೀ. ಸ್ಕೋಪಿನಿಂದ ಶೇ. 74ರಷ್ಟು, 4.0 ಮಿ.ಮೀ. ಸ್ಕೋಪ್ ಮತ್ತು ಗೈಡ್ ಶೀತ್‌ನಿಂದ ಶೇ. 59ರಷ್ಟು ರೋಗನಿರ್ಣಯ ಸಿಕ್ಕಿತು. ಅದೇ ತಂಡದ 2019ರ ಅಧ್ಯಯನದಲ್ಲಿ ಇದು ಶೇ. 70.1 ಮತ್ತು 58.7. ಚಾನೆಲ್ ಚಿಕ್ಕದು, ಆದರೂ ಸ್ಕೋಪ್ ಒಂದು ಕವಲು ಹೆಚ್ಚು ಒಳಗೆ ಹೋಗಿದ್ದರಿಂದ ಗೆದ್ದಿತು. ಸರಿಯಾದ ಕವಲಿನಲ್ಲಿ ನಿಲ್ಲುವುದು ದೊಡ್ಡ ಚಾನೆಲ್ಲಿಗಿಂತ ಮುಖ್ಯ ಎಂಬುದನ್ನು ಇದರಿಂದ ತಿಳಿಯಬೇಕು.

ಯಾವ ಗಂಟಿಗೆ ಈ ದಾರಿ, ಯಾವುದಕ್ಕೆ ಬೇಡ

ಮೊದಲು ಸಿಟಿಯಲ್ಲಿ ಮೆಡಿಯಾಸ್ಟೈನಮ್ (ಎರಡು ಶ್ವಾಸಕೋಶಗಳ ನಡುವಿನ ಭಾಗ) ನೋಡಿ. ಅಲ್ಲಿ ಗ್ರಂಥಿ ದಪ್ಪಗಾಗಿದ್ದರೆ ಅಂಚಿನ ಗಂಟಿಗೆ ಕೈಹಾಕುವ ಮೊದಲು ಈಬಸ್ ಸೂಜಿಯಿಂದ ಗ್ರಂಥಿಯ ಮಾದರಿ ತೆಗೆಯಬೇಕು. ಒಂದೇ ಬಾರಿಗೆ ರೋಗವೂ ತಿಳಿಯುತ್ತದೆ, ಅದರ ಹಂತವೂ ತಿಳಿಯುತ್ತದೆ.

ಗಂಟಿನೊಳಕ್ಕೆ ನೇರವಾಗಿ ಹೋಗುವ ಗಾಳಿಯ ಕಪ್ಪು ಗೆರೆ ಕಂಡರೆ, ಅದಕ್ಕೆ ಬ್ರಾಂಕಸ್ ಸೈನ್ ಎನ್ನುತ್ತಾರೆ, ಈ ವಿಧಾನಕ್ಕೆ ಅದು ಹೇಳಿ ಮಾಡಿಸಿದ ಗಂಟು. ಎದೆಗೋಡೆಗೆ ಅಂಟಿಕೊಂಡಿದ್ದು, ಯಾವ ನಾಳವೂ ಒಳಹೋಗದಿದ್ದರೆ ಸಿಟಿ ನೋಡುತ್ತ ಹೊರಗಿನಿಂದ ಹಾಕುವ ಸೂಜಿಯೇ ಲೇಸು. ಸುತ್ತ ಎಂಫಿಸೀಮಾದ (ಗಾಳಿಚೀಲಗಳು ಹಾಳಾಗಿ ಹಿಗ್ಗಿದ) ಗುಳ್ಳೆಗಳಿದ್ದರೆ ಹೊರಸೂಜಿ ಅಪಾಯ, ಆಗ ಮತ್ತೆ ಒಳದಾರಿಗೇ ಬರಬೇಕು. ಎರಡರ ಅಪಾಯದ ಅಂತರ ದೊಡ್ಡದು. ಅಮೆರಿಕದಲ್ಲಿ ನಡೆದು 2025ರಲ್ಲಿ ಪ್ರಕಟವಾದ ವೆರಿಟಾಸ್ ಅಧ್ಯಯನದಲ್ಲಿ ಹೊರಸೂಜಿಯವರಲ್ಲಿ ಶೇ. 28.3 ಮಂದಿಗೆ ನ್ಯೂಮೊಥೊರಾಕ್ಸ್ (ಎದೆಗೂಡಿಗೆ ಗಾಳಿ ಸೋರಿ ಶ್ವಾಸಕೋಶ ಕುಸಿಯುವುದು) ಆಯಿತು, ನ್ಯಾವಿಗೇಷನ್ (ಸಿಟಿಯ ನಕ್ಷೆಯಿಂದ ದಾರಿ ತೋರಿಸುವ) ಬ್ರಾಂಕೋಸ್ಕೋಪಿಯವರಲ್ಲಿ ಶೇ. 3.3. ಎಳೆ ವಯಸ್ಸಿನಿಂದ ಒಲೆಯ ಹೊಗೆ ಕುಡಿದ ಹೆಂಗಸರು, ನಲವತ್ತು ವರ್ಷ ಬೀಡಿ ಸೇದಿದ ಗಂಡಸರು ನಮ್ಮಲ್ಲಿಗೆ ಬರುವುದು ಆಗಲೇ ಸೋತ ಶ್ವಾಸಕೋಶದೊಂದಿಗೆ. ಅವರಿಗೆ ಈ ಅಂತರ ಬಹಳ.

ಕಳೆದ ಆರು ವಾರದೊಳಗೆ ಹೃದಯಾಘಾತವಾದವರು, ಆಮ್ಲಜನಕ ಕೊಟ್ಟರೂ ಸ್ಯಾಚುರೇಷನ್ 90 ಮುಟ್ಟದವರು, ರಕ್ತಸ್ರಾವದ ದೋಷ ಸರಿಯಾಗದವರು ಕಾಯಬೇಕು. ಪ್ಲೇಟ್‌ಲೆಟ್ 50,000ಕ್ಕಿಂತ ಮೇಲಿರಲಿ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) 1.5 ಮೀರದಿರಲಿ. ಕ್ಲೋಪಿಡೋಗ್ರೆಲ್ 5ರಿಂದ 7 ದಿನ ಮೊದಲು ನಿಲ್ಲಬೇಕು, ಸ್ಟೆಂಟ್ ಹಾಕಿದವರಲ್ಲಿ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು. ಆಸ್ಪಿರಿನ್ ಒಂದೇ ಇದ್ದರೆ ಮುಂದುವರಿಸಬಹುದು. ಹಳ್ಳಿಯ ರೋಗಿಗೆ ಗುಳಿಗೆಯ ಹೆಸರು ಗೊತ್ತಿರುವುದಿಲ್ಲ. ‘ರಕ್ತ ತೆಳು ಮಾಡೂ ಗುಳಿಗಿ ತಗೋತೀರೇನ್ರಿ?’ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ಗುಳಿಗೆಯ ಚೀಲವನ್ನೇ ತರಲು ಹೇಳಿ, ಬಿಚ್ಚಿ ನೋಡಿ.

ದಾರಿ ಬರೆದುಕೊಳ್ಳುವುದು

ಪರೀಕ್ಷೆಯ ಅರ್ಧ ಕೆಲಸ ಇಲ್ಲೇ ಮುಗಿಯಬೇಕು. ಕೈಚಳಕ ಎಷ್ಟೇ ಇದ್ದರೂ ದಾರಿ ಬರೆದುಕೊಳ್ಳದೆ ಒಳಹೋದವರು ಐದನೆಯ ಕವಲಿನಲ್ಲಿ ತಪ್ಪುತ್ತಾರೆ, ಏಕೆಂದರೆ ಅಲ್ಲಿ ಎಲ್ಲ ತೂತುಗಳೂ ಒಂದೇ ತರ ಕಾಣುತ್ತವೆ.

ಫಿಲ್ಮ್ ಮೇಲೆ ಈ ಕೆಲಸ ಆಗುವುದಿಲ್ಲ. ಫಿಲ್ಮಿಗೆ ಅಚ್ಚಾಗುವುದು ಸಾಮಾನ್ಯವಾಗಿ 5 ಮಿ.ಮೀ. ದಪ್ಪದ ಹೋಳು, 2 ಮಿ.ಮೀ. ನಾಳ ಅದರಲ್ಲಿ ಕಾಣಿಸದೆ ಹೋಗುತ್ತದೆ. 1 ಮಿ.ಮೀ. ಅಥವಾ ಅದಕ್ಕೂ ತೆಳು ಹೋಳಿನ ಡೈಕಾಮ್ (ಕಂಪ್ಯೂಟರಿನಲ್ಲಿ ನೋಡುವ ಸ್ಕ್ಯಾನ್ ಚಿತ್ರಗಳ) ಫೈಲನ್ನು ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ತರಿಸಿ. ಗದಗ ಅಥವಾ ಹಾವೇರಿಯಲ್ಲಿ ಸ್ಕ್ಯಾನ್ ಆಗಿದ್ದರೆ ಅಂದೇ ಫೋನ್ ಮಾಡಿ ತೆಳು ಹೋಳು ಕೇಳುವುದು ಒಳ್ಳೆಯದು, ಮೂಲ ದತ್ತಾಂಶವನ್ನು ಮಷೀನುಗಳು ಕೆಲವೇ ದಿನ ಇಟ್ಟುಕೊಳ್ಳುತ್ತವೆ. ಸ್ಕ್ಯಾನಾಗಿ ತಿಂಗಳು ದಾಟಿದ್ದರೆ ಹೊಸದೊಂದು ಮಾಡಿಸಿ. ಕೆಲವು ಗಂಟುಗಳು ಅಷ್ಟರಲ್ಲಿ ತಾವಾಗಿ ಕರಗಿರುತ್ತವೆ, ರೋಗಿಗೆ ಪರೀಕ್ಷೆಯೇ ತಪ್ಪುತ್ತದೆ.

ಲಂಗ್ ವಿಂಡೋದಲ್ಲಿ ಗಂಟಿನಿಂದ ಹಿಂದಕ್ಕೆ, ಅಂದರೆ ಅಂಚಿನಿಂದ ನಡುವಿಗೆ ಬನ್ನಿ. ನಡುವಿನಿಂದ ಅಂಚಿಗೆ ಹೊರಟರೆ ಪ್ರತಿ ಕವಲಿನಲ್ಲೂ ಊಹೆ ಮಾಡಬೇಕಾಗುತ್ತದೆ. ಹಿಂದಕ್ಕೆ ಬರುವಾಗ ದಾರಿ ಒಂದೇ. ಕೊನೆಯ ಒಂದೆರಡು ಸೆಂಟಿಮೀಟರಿನಲ್ಲಿ ನಾಳ ಕಾಣದೆ ಹೋದರೆ ಅದರ ಜೊತೆಗಾರ ಪಲ್ಮನರಿ ಅಪಧಮನಿಯನ್ನು ಹಿಡಿಯಿರಿ. ಅಪಧಮನಿ ನಾಳದ ಮಗ್ಗುಲಲ್ಲೇ ಓಡುತ್ತದೆ. ಅಭಿಧಮನಿ ಎರಡು ಸೆಗ್ಮೆಂಟುಗಳ ನಡುವೆ ಓಡುವುದರಿಂದ ಅದನ್ನು ಹಿಡಿದರೆ ದಾರಿ ತಪ್ಪುತ್ತದೆ.

ಎಲ್ಲರೂ ಎಡವುವುದು ದಿಕ್ಕಿನಲ್ಲಿ. ಸಿಟಿ ಚಿತ್ರ ಕಾಲಿನ ಕಡೆಯಿಂದ ನೋಡಿದ್ದು, ಸ್ಕೋಪ್ ತಲೆಯ ಕಡೆಯಿಂದ ನೋಡುತ್ತದೆ. ಮಲಗಿದ ರೋಗಿಯ ತಲೆಯ ಹಿಂದೆ ನಿಂತು ಕೆಲಸ ಮಾಡುವವರು ಕೆಳಹಾಲೆ, ಮಧ್ಯಹಾಲೆ, ಎಡ ಮೇಲಿನ ಹಾಲೆಯ ಕೆಳಭಾಗವಾದ ಲಿಂಗುಲಾಗಳಿಗೆ ಚಿತ್ರವನ್ನು ಎಡ-ಬಲ ತಿರುವಿಹಾಕಿಕೊಳ್ಳಬೇಕು. ರೋಗಿಗೆ ಎದುರಾಗಿ ನಿಲ್ಲುವವರು ಮೇಲೆ-ಕೆಳಗೆ ತಿರುವಬೇಕು. ಬಲ ಮೇಲಿನ ಹಾಲೆಗೆ ತಲೆಯ ಹಿಂದೆ ನಿಂತವರು ಚಿತ್ರವನ್ನು ತಿರುವದೆ, ಗಡಿಯಾರದ ವಿರುದ್ಧ ದಿಕ್ಕಿಗೆ 90 ಡಿಗ್ರಿ ಹೊರಳಿಸಬೇಕು. ಎಡ ಮೇಲಿನ ಹಾಲೆಯ ತುದಿಭಾಗಕ್ಕೆ ಗಡಿಯಾರದ ದಿಕ್ಕಿಗೆ 90 ಡಿಗ್ರಿ. ಹಾಗೆ ಹೊರಳಿಸಿದಾಗ ಬಲ ಮೇಲಿನ ಹಾಲೆಯ ಬಿ3 (ಎದೆಯ ಕಡೆಯ ಸೆಗ್ಮೆಂಟಿನ ನಾಳ) ನಿಮ್ಮ ಎಡಕ್ಕೆ, ಬಿ2 (ಬೆನ್ನ ಕಡೆಯದು) ಬಲಕ್ಕೆ ಬರುತ್ತದೆ, ಸ್ಕೋಪಿನಲ್ಲೂ ಹಾಗೇ ಕಾಣುತ್ತದೆ. ಮೊದಲ ಹತ್ತಿಪ್ಪತ್ತು ಕೇಸಿನಲ್ಲಿ ಇದನ್ನು ಮನಸ್ಸಿನಲ್ಲೇ ಮಾಡಲು ಹೋಗಬೇಡಿ, ಕಂಪ್ಯೂಟರಿನಲ್ಲಿ ಚಿತ್ರವನ್ನೇ ಹೊರಳಿಸಿ.

ಆಮೇಲೆ ಒಂದು ಹಾಳೆಯಲ್ಲಿ ಪ್ರತಿ ಕವಲಿಗೊಂದು ವೃತ್ತ ಬರೆದು, ಹೋಗಬೇಕಾದ ತೂತಿಗೆ ಮಾತ್ರ ಬಣ್ಣ ತುಂಬಿ. ಪಕ್ಕದಲ್ಲಿ ಗಡಿಯಾರದ ಅಂಕಿ ಬರೆಯಿರಿ: ‘ಮೇಲಿನ ಹಾಲೆಯ ಬಾಯಿ, ಬಿ2, 3 ಗಂಟೆ. ಮುಂದೆ ಎರಡು ತೂತು, ಮೇಲಿನದು. ಮುಂದೆ ಮೂರು, ನಡುವಿನದು’. ಈ ಹಾಳೆಯನ್ನು ಮಾನಿಟರಿನ ಕೆಳಗೆ ಅಂಟಿಸಿ, ನರ್ಸ್ ಓದುತ್ತ ಹೋಗಲಿ. ವರ್ಚುವಲ್ ನ್ಯಾವಿಗೇಷನ್ ಸಾಫ್ಟ್‌ವೇರ್ ಇದ್ದರೆ ಒಳ್ಳೆಯದೇ. ಇಲ್ಲದಿದ್ದರೂ ಈ ಹಾಳೆಯಿಂದ ಕೆಲಸ ನಡೆಯುತ್ತದೆ.

ರೋಗಿಯ ತಯಾರಿ

ಗಟ್ಟಿ ಆಹಾರ ಬಿಟ್ಟು ಆರು ಗಂಟೆ, ನೀರು ಬಿಟ್ಟು ಎರಡು ಗಂಟೆ. ನಸುಕಿನ ಬಸ್ಸಿಗೆ ಬರುವವರು ಚಹಾ ಕುಡಿದೇ ಹತ್ತುತ್ತಾರೆ, ಅವರ ಲೆಕ್ಕದಲ್ಲಿ ಚಹಾ ಊಟವಲ್ಲ. ಹಾಲು ಹಾಕಿದ ಚಹಾ ಹೊಟ್ಟೆಯಲ್ಲಿ ಆಹಾರದಂತೆಯೇ ನಿಲ್ಲುತ್ತದೆ, ಅದಕ್ಕೂ ಆರು ಗಂಟೆ ಬೇಕು. ‘ಏನೂ ತಿನ್ನಬ್ಯಾಡ್ರಿ’ ಎಂದಷ್ಟೇ ಹೇಳದೆ ‘ಚಾ ಸುದ್ದಾ ಬ್ಯಾಡ್ರಿ, ಎಲಿ-ಅಡಿಕಿ ಬ್ಯಾಡ್ರಿ’ ಎಂದು ಬಿಡಿಸಿ ಹೇಳಿ.

ಬಾಯಿ ತೆರೆಸಿ ನೋಡುವುದನ್ನು ಮರೆಯಬೇಡಿ. ಗುಟ್ಕಾ, ಅಡಿಕೆ ಹಾಕುವವರಲ್ಲಿ ಬಾಯಿಯ ಒಳಪೊರೆ ಬಿಗಿದು ಎರಡು ಬೆರಳೂ ಹೋಗದಿರುವುದು ನಮ್ಮಲ್ಲಿ ಸಾಮಾನ್ಯ. ತೆಳು ಸ್ಕೋಪ್ ಮೂಗಿನಿಂದ ಸಲೀಸಾಗಿ ಹೋಗುತ್ತದೆ ಎಂದು ಧೈರ್ಯ ಮಾಡುವುದು ಸುಲಭ. ಆದರೆ ಒಳಗೆ ರಕ್ತ ಬಂದರೆ ಬಾಯಿಂದ ಟ್ಯೂಬ್ ಹಾಕಬೇಕಾಗುತ್ತದೆ, ಅದು ಆಗದ ರೋಗಿ ಇವರು. ಇಂಥವರನ್ನು ಅರಿವಳಿಕೆ ತಜ್ಞರಿಗೆ ಮೊದಲೇ ತೋರಿಸಿ, ಟ್ಯೂಬಿನ ದಾರಿ ನಿಶ್ಚಯವಾದ ಮೇಲೆ ಶುರುಮಾಡಿ.

ಲಿಗ್ನೊಕೇನ್ ಲೆಕ್ಕ ಬೋರ್ಡ್ ಮೇಲೆ ಬರೆಯಿರಿ. ಕೆಜಿಗೆ 7 ಮಿ.ಗ್ರಾಂ. ಮಿತಿ ಇಟ್ಟರೆ 50 ಕೆಜಿ ತೂಕದವರಿಗೆ ಒಟ್ಟು 350 ಮಿ.ಗ್ರಾಂ. ಗಂಟಲಿಗೆ ಶೇ. 10ರ ಸ್ಪ್ರೇ 10 ಸಲ ಹೊಡೆದರೆ 100 ಮಿ.ಗ್ರಾಂ. ಮುಗಿಯಿತು. ಮೂಗಿಗೆ ಶೇ. 2ರ ಜೆಲ್ಲಿ 5 ಮಿ.ಲೀ. ಹಾಕಿದರೆ ಇನ್ನೊಂದು 100. ಉಳಿದ 150ರಲ್ಲಿ ಶೇ. 1ರ ದ್ರಾವಣ 15 ಮಿ.ಲೀ. ಮಾತ್ರ ಬರುತ್ತದೆ. ಈ ಪರೀಕ್ಷೆ ಮಾಮೂಲಿ ಬ್ರಾಂಕೋಸ್ಕೋಪಿಗಿಂತ ದೀರ್ಘ, ಕೆಮ್ಮು ಬಂದಾಗಲೆಲ್ಲ ಸುರಿಯುತ್ತ ಹೋದರೆ ಮಿತಿ ದಾಟಿದ್ದು ಗೊತ್ತೇ ಆಗುವುದಿಲ್ಲ. ತುಟಿ ಜುಮುಗುಟ್ಟುವುದು, ಕಿವಿಯಲ್ಲಿ ಗುಂಯ್‌ಗುಡುವುದು, ತೊದಲುವುದು ವಿಷವೇರುತ್ತಿರುವ ಗುರುತು. ಫಿಟ್ಸ್ ಬರುವ ಮೊದಲೇ ನಿಲ್ಲಿಸಿ.

ಮಂಪರಿಗೆ ಮಿಡಾಜೋಲಮ್ 1 ಮಿ.ಗ್ರಾಂ., ಫೆಂಟನಿಲ್ 25ರಿಂದ 50 ಮೈಕ್ರೋಗ್ರಾಂನಿಂದ ಆರಂಭಿಸಿ, ವಯಸ್ಸಾದವರಲ್ಲಿ ಇನ್ನೂ ನಿಧಾನ. ಪೂರ್ತಿ ಅರಿವಳಿಕೆಯಲ್ಲಿ ಮಾಡುವುದಾದರೆ ಬೇರೆಯೇ ಒಂದು ತೊಂದರೆ ಕಾಯುತ್ತಿರುತ್ತದೆ. ಮಲಗಿದ ರೋಗಿಯ ಬೆನ್ನ ಕಡೆಯ ಶ್ವಾಸಕೋಶ ಕೆಲವೇ ನಿಮಿಷಗಳಲ್ಲಿ ಕುಸಿಯುತ್ತದೆ, ಶುದ್ಧ ಆಮ್ಲಜನಕ ಕೊಟ್ಟಷ್ಟೂ ಬೇಗ ಕುಸಿಯುತ್ತದೆ. ಕುಸಿದ ಭಾಗ ಈಬಸ್‌ನಲ್ಲಿ ಥೇಟ್ ಗಂಟಿನಂತೆ ಕಾಣುತ್ತದೆ! ಟ್ಯೂಬ್ ಹಾಕಿದ ಕೂಡಲೇ ಒಮ್ಮೆ ಶ್ವಾಸಕೋಶ ಹಿಗ್ಗಿಸಿ, ಪೀಪ್ (ಉಸಿರು ಬಿಟ್ಟ ಮೇಲೂ ಒಳಗೆ ಉಳಿಸುವ ಒತ್ತಡ) 8ರಿಂದ 10 ಇಟ್ಟು, ಆಮ್ಲಜನಕವನ್ನು ಸ್ಯಾಚುರೇಷನ್ ತಡೆದುಕೊಳ್ಳುವಷ್ಟಕ್ಕೆ ಇಳಿಸಲು ಅರಿವಳಿಕೆ ತಜ್ಞರನ್ನು ಕೇಳಿ.

ಒಳಗೆ

ಮೊದಲು ದೊಡ್ಡ ಸ್ಕೋಪ್ ಹಾಕಿ. ಎರಡೂ ಕಡೆ ನೋಡಿ, ಕಫ ಪೂರ್ತಿ ಎಳೆದು ತೆಗೆಯಿರಿ. ಅತಿ ತೆಳು ಸ್ಕೋಪಿನ ಸಾಸಿವೆಯಗಲದ ಚಾನೆಲ್‌ಗೆ ಗಟ್ಟಿ ಕಫ ಎಳೆಯುವ ಶಕ್ತಿ ಇಲ್ಲ, ಎಳೆಯಲು ಹೋದರೆ ಕಟ್ಟಿಕೊಳ್ಳುತ್ತದೆ. ಈ ಹತ್ತು ನಿಮಿಷ ಉಳಿಸಲು ಹೋದವರು ಆಮೇಲೆ ಅರ್ಧ ಗಂಟೆ ಕಳೆಯುತ್ತಾರೆ.

ಆಮೇಲೆ ತೆಳು ಸ್ಕೋಪ್. ಇದು ಬಳ್ಳಿಯಂತೆ ಮೆತ್ತಗೆ, ಹೊರಗಿನ ಭಾಗ ಡೊಂಕಾದರೆ ನೀವು ತಿರುಗಿಸಿದ್ದು ತುದಿಗೆ ಮುಟ್ಟುವುದಿಲ್ಲ. ಕೈಗೂ ಬಾಯಿಗೂ ನಡುವೆ ನೇರವಾಗಿ ಹಿಡಿಯಿರಿ, ಮಣಿಕಟ್ಟಿನ ಜೊತೆ ಭುಜವೂ ತಿರುಗಲಿ. ಪ್ರತಿ ಕವಲಿನಲ್ಲಿ ನಿಂತು, ಹಾಳೆ ನೋಡಿ, ತೂತನ್ನು ಪರದೆಯ ನಡುವಿಗೆ ತಂದುಕೊಂಡ ಮೇಲೆಯೇ ಮುಂದಕ್ಕೆ. ಒಳಗಿನ ಕವಲುಗಳಲ್ಲಿ ಸಕ್ಷನ್ ಒತ್ತಿದರೆ ನಾಳದ ಗೋಡೆಯೇ ಕುಸಿದು ಪರದೆ ಬೆಳ್ಳಗಾಗುತ್ತದೆ. ಆಗ ಒತ್ತಬೇಡಿ, ಅರ್ಧ ಸೆಂಟಿಮೀಟರ್ ಹಿಂದೆ ಬಂದು 2-3 ಮಿ.ಲೀ. ಸಲೈನ್ ಬಿಡಿ, ಬಾಯಿ ತೆರೆದುಕೊಳ್ಳುತ್ತದೆ. ತೀರಾ ಹೆಚ್ಚು ಬಿಟ್ಟರೆ ಆ ನೀರು ಸುತ್ತಲ ಶ್ವಾಸಕೋಶಕ್ಕೆ ಇಳಿದು ಈಬಸ್ ಚಿತ್ರ ಕೆಡುತ್ತದೆ. ತಡೆ ಬಂದಲ್ಲಿ ನೂಕುವುದಂತೂ ಬೇಡವೇ ಬೇಡ. ನಾಳ ಹರಿಯುತ್ತದೆ, ಸ್ಕೋಪಿನ ತುದಿಯೂ ಹಾಳಾಗುತ್ತದೆ.

ಸ್ಕೋಪ್ ಇನ್ನು ಹೋಗದ ಜಾಗದಲ್ಲಿ ನಿಲ್ಲಿಸಿ ಪ್ರೋಬ್ ಬಿಡಿ. ಪ್ರೋಬ್ ಒಳಹಾಕುವಾಗ ತಿರುಗುವಿಕೆ ನಿಲ್ಲಿಸಿರಿ, ಸ್ಥಳ ಸೇರಿದ ಮೇಲೆ ಶುರುಮಾಡಿ. ಸ್ಕೋಪಿನ ತುದಿ ತೀರಾ ಬಾಗಿರುವಾಗ ಪ್ರೋಬನ್ನು ತುರುಕಿದರೆ ಒಳಗಿನ ತಂತಿ ಮುರಿಯುತ್ತದೆ. ತುದಿ ಸ್ವಲ್ಪ ಸಡಿಲಿಸಿ, ಪ್ರೋಬ್ ದಾಟಿಸಿ, ಮತ್ತೆ ಬಾಗಿಸಿ. ಸಿ-ಆರ್ಮ್‌ನಲ್ಲಿ (ಚಲಿಸುವ ಚಿತ್ರ ತೋರುವ ಎಕ್ಸ್-ರೇ ಯಂತ್ರ) ನೋಡುತ್ತ ಗಂಟು ದಾಟಿ ಸ್ವಲ್ಪ ಮುಂದೆ ಹೋಗಿ, ನಂತರ ನಿಧಾನ ಹಿಂದಕ್ಕೆ ಎಳೆಯುತ್ತ ಚಿತ್ರ ನೋಡಿ.

ಗಾಳಿ ತುಂಬಿದ ಶ್ವಾಸಕೋಶ ಹಿಮ ಸುರಿದಂತೆ ಬೆಳ್ಳಗೆ ಚದುರಿ ಕಾಣುತ್ತದೆ. ಗಂಟು ಬಂದಾಗ ಆ ಹಿಮ ತಟ್ಟನೆ ನಿಂತು, ಬೂದುಬಣ್ಣದ ಒಂದು ತೇಪೆ, ಅದರ ಸುತ್ತ ಹೊಳೆಯುವ ಅಂಚು. ಪ್ರೋಬ್ ಆ ಬೂದಿಯ ನಡುಮಧ್ಯೆ ಇದ್ದರೆ ಅದು ಕೇಂದ್ರದ ಚಿತ್ರ, ಇದೇ ಬೇಕಾದದ್ದು. ಬೂದಿ ಒಂದೇ ಮಗ್ಗುಲಿಗಿದ್ದರೆ ನೀವು ಗಂಟಿನ ಪಕ್ಕದ ನಾಳದಲ್ಲಿದ್ದೀರಿ. ಆಗ ಚೂರು ತೆಗೆಯಲು ಅವಸರ ಬೇಡ, ಒಂದು ಕವಲು ಹಿಂದೆ ಬಂದು ಪಕ್ಕದ ತೂತು ನೋಡಿ. ಅತಿ ತೆಳು ಸ್ಕೋಪಿನ ನಿಜವಾದ ಉಪಕಾರ ಇದೇ: ಪಕ್ಕದ ತೂತಿಗೆ ಹೋದದ್ದು ಕಣ್ಣಿಗೆ ಕಾಣುತ್ತದೆ. ಎಲ್ಲ ತೂತು ನೋಡಿದ ಮೇಲೂ ಚಿತ್ರ ಒಂದೇ ಮಗ್ಗುಲಿಗಿದ್ದರೆ, ತುದಿಯನ್ನು ಆ ಕಡೆಗೆ ಬಾಗಿಸಿ ಕಚ್ಚಬೇಕು, ಸೂಜಿಯೋ ಕ್ರಯೋವೋ ತೂರುವಂತಿದ್ದರೆ ಅದು ಫೋರ್ಸೆಪ್ಸಿಗಿಂತ ಮೇಲು. ಅಂಚಿಲ್ಲದ, ಎತ್ತ ಹೋದರೂ ಒಂದೇ ತರ ಬೂದಿಯಾಗಿರುವ ಚಿತ್ರ ಕಂಡರೆ ಅದು ಕುಸಿದ ಶ್ವಾಸಕೋಶವಿರಬಹುದು, ಪಕ್ಕದ ಸೆಗ್ಮೆಂಟಿನಲ್ಲೂ ಹಾಗೇ ಕಂಡರೆ ಅನುಮಾನವೇ ಬೇಡ. ಕಪ್ಪಗೆ ದುಂಡಗೆ ಮಿಡಿಯುತ್ತಿರುವುದು ರಕ್ತನಾಳ, ಅತ್ತ ಕಚ್ಚಬೇಡಿ.

ಚೂರು ತೆಗೆಯುವುದು

ಗೈಡ್ ಶೀತ್ ಇಲ್ಲವಾದ್ದರಿಂದ ಪ್ರೋಬ್ ಹೊರಬಂದ ಮೇಲೆ ಜಾಗದ ಗುರುತು ಉಳಿಯುವುದು ಸ್ಕೋಪಿನಲ್ಲಿ ಮಾತ್ರ. ಚಾನೆಲ್ ಬಾಯಿಯ ಹತ್ತಿರ ಪ್ರೋಬ್ ಮೇಲೆ ಸಣ್ಣ ಟೇಪ್ ಸುತ್ತಿ. ಪ್ರೋಬ್ ತೆಗೆದ ಮೇಲೆ ಅದರ ಪಕ್ಕ ಫೋರ್ಸೆಪ್ಸ್ ಇಟ್ಟು ಅದೇ ಉದ್ದಕ್ಕೆ ಟೇಪ್ ಹಾಕಿ. ಸಿ-ಆರ್ಮ್ ಚಿತ್ರ ಸೇವ್ ಮಾಡಿ ಪಕ್ಕದ ಪರದೆಯಲ್ಲಿಡಿ, ಟೇಬಲ್ ಅಲುಗಿಸಬೇಡಿ. ಸ್ಕೋಪನ್ನು ಬಾಯಿಯ ಹತ್ತಿರ ಒಬ್ಬ ಸಹಾಯಕರು ಹಿಡಿದಿರಲಿ, ಅದೊಂದೇ ಕೆಲಸ ಅವರಿಗೆ. ಒಂದು ಕೆಮ್ಮಿಗೆ ಸ್ಕೋಪ್ ಒಂದು ಕವಲು ಜಾರುತ್ತದೆ, ಆ ಮೇಲಿನ ಕಚ್ಚುಗಳೆಲ್ಲ ಆರೋಗ್ಯವಂತ ಶ್ವಾಸಕೋಶದ್ದು. ಮೂರು ಕಚ್ಚಿಗೊಮ್ಮೆ ಮತ್ತೆ ಪ್ರೋಬ್ ಹಾಕಿ ಜಾಗ ನೋಡಿ.

ಫೋರ್ಸೆಪ್ಸನ್ನು ಗಂಟಿನ ಸ್ವಲ್ಪ ಹಿಂದೆ ತೆರೆದು, ಮುಂದೊತ್ತಿ, ಉಸಿರು ಹೊರಬಿಡುವಾಗ ಮುಚ್ಚಿ ಎಳೆಯಿರಿ. ಎಚ್ಚರವಿರುವ ರೋಗಿಗೆ ಮೊದಲೇ ಹೇಳಿರಿ: ‘ಅಜ್ಜಾರ, ಎದ್ಯಾಗ ಚುಚ್ಚಿದಂಗಾದ್ರ ಕೈ ಎತ್ತರಿ, ಮಾತಾಡಬ್ಯಾಡ್ರಿ’. ಕೈ ಎತ್ತಿದರೆ ಫೋರ್ಸೆಪ್ಸ್ ಪ್ಲೂರಾ (ಶ್ವಾಸಕೋಶದ ಹೊರಪೊರೆ) ಮುಟ್ಟಿದೆ. ತೆರೆದು ಬಿಟ್ಟುಬಿಡಿ, ಎಳೆಯಬೇಡಿ. 1.5 ಮಿ.ಮೀ. ಫೋರ್ಸೆಪ್ಸಿನ ಚೂರು ಒಂದು ಗಸಗಸೆ ಕಾಳಿನಷ್ಟು. ಆರರಿಂದ ಹತ್ತು ಬೇಕು. ಐದಕ್ಕೇ ತೃಪ್ತಿಪಟ್ಟರೆ ಕ್ಯಾನ್ಸರ್ ಎಂದು ತಿಳಿದರೂ ಇಜಿಎಫ್‌ಆರ್, ಎಎಲ್‌ಕೆ, ಪಿಡಿ-ಎಲ್1 ಎಂಬ, ಕ್ಯಾನ್ಸರಿನ ಔಷಧಿ ಆರಿಸಲು ಬೇಕಾದ ಪರೀಕ್ಷೆಗಳಿಗೆ ಮಾಂಸ ಉಳಿಯುವುದಿಲ್ಲ. ಪಿಡಿ-ಎಲ್1 ಓದಲು ಕನಿಷ್ಠ 100 ಕ್ಯಾನ್ಸರ್ ಜೀವಕೋಶ ಬೇಕು. ಪೆಥಾಲಜಿಯವರು ಕೋಣೆಯಲ್ಲೇ ಸ್ಲೈಡ್ ನೋಡುವ ಏರ್ಪಾಡಿದ್ದರೆ ಯಾವಾಗ ನಿಲ್ಲಿಸಬಹುದೆಂದು ಅವರೇ ಹೇಳುತ್ತಾರೆ.

1.1 ಮಿ.ಮೀ. ಕ್ರಯೋಪ್ರೋಬ್ ಇದ್ದರೆ 4ರಿಂದ 6 ಸೆಕೆಂಡ್ ಹೆಪ್ಪುಗಟ್ಟಿಸಿ ಎಳೆದ ಚೂರು ದೊಡ್ಡದು, ಹಿಸುಕಿರುವುದಿಲ್ಲ. ಆದರೆ ಅತಿ ತೆಳು ಚಾನೆಲ್ಲಿನಿಂದ ಚೂರು ಹೊರಬಾರದು, ಸ್ಕೋಪ್ ಸಮೇತ ಎಳೆಯಬೇಕು. ಆ ಹೊತ್ತಿನಲ್ಲಿ ಒಳಗೆ ರಕ್ತ ಬಂದರೆ ನಾಳ ಕಾಯಲು ಯಾರೂ ಇರುವುದಿಲ್ಲ. ಟ್ಯೂಬ್, ನಾಳ ಮುಚ್ಚುವ ಬ್ಲಾಕರ್ ಬಲೂನ್ ಇಲ್ಲದೆ ಕ್ರಯೋ ಮಾಡಬೇಡಿ.

ರಕ್ತ ಬಂದಾಗ ತೆಳು ಸ್ಕೋಪನ್ನು ಹಿಂದೆಳೆಯುವುದು ಕೈಯ ಸಹಜ ಚಲನೆ, ಅದು ತಪ್ಪು. ಅದೇ ನಾಳದಲ್ಲಿ ಬೆಣೆಯಂತೆ ಒತ್ತಿ ಹಿಡಿದು ಮೂರ್ನಾಲ್ಕು ನಿಮಿಷ ಕಾಯಿರಿ, ಬಹುಪಾಲು ಅಲ್ಲೇ ಹೆಪ್ಪಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ತಣ್ಣನೆಯ ಸಲೈನ್ 5-10 ಮಿ.ಲೀ.ನಂತೆ, ಬೇಕಾದರೆ ಟ್ರಾನೆಕ್ಸಾಮಿಕ್ ಆಸಿಡ್ 500 ಮಿ.ಗ್ರಾಂ. ಸಲೈನಿನಲ್ಲಿ ಬೆರೆಸಿ ಬಿಡಿ. ಆದರೂ ಹರಿಯುತ್ತಿದ್ದರೆ ರಕ್ತ ಬರುವ ಮಗ್ಗುಲನ್ನು ಕೆಳಗೆ ಮಾಡಿ ಮಲಗಿಸಿ ದೊಡ್ಡ ಸ್ಕೋಪಿಗೆ ಬದಲಾಯಿಸಿ. ಅದು ಟ್ರಾಲಿಯ ಮೇಲೆ, ಸಕ್ಷನ್ನಿಗೆ ಜೋಡಿಸಿಕೊಂಡೇ ಇರಬೇಕು.

ಮಾದರಿ ಎಲ್ಲಿಗೆ, ಹೇಗೆ

ಮೊದಲ ಒಂದೆರಡು ಚೂರು ಸಲೈನಿಗೆ, ಕ್ಷಯದ ಸಿಬಿನ್ಯಾಟ್ (ಕ್ರಿಮಿಯ ಜೀನ್ ಹುಡುಕುವ ಪರೀಕ್ಷೆ) ಮತ್ತು ಕಲ್ಚರಿಗೆ. ಉಳಿದವು ಶೇ. 10ರ ಬಫರ್ಡ್ ಫಾರ್ಮಲಿನ್‌ಗೆ. ಈ ಕ್ರಮ ತಿರುಗಿಸಬೇಡಿ. ಫೋರ್ಸೆಪ್ಸಿನ ತುದಿ ಒಮ್ಮೆ ಫಾರ್ಮಲಿನ್ ಮುಟ್ಟಿದರೆ ಮುಂದಿನ ಚೂರಿನ ಕಲ್ಚರ್ ಬೆಳೆಯದೆ ಹೋಗಬಹುದು, ತೊಳೆಯದೆ ಒಳಹಾಕಿದರೆ ಆ ಫಾರ್ಮಲಿನ್ ರೋಗಿಯ ನಾಳಕ್ಕೆ ಹೋಗುತ್ತದೆ. ಚೂರನ್ನು ಸೂಜಿಯ ಮೊನೆಯಿಂದ ಫಿಲ್ಟರ್ ಕಾಗದಕ್ಕೆ ಇಳಿಸಿ, ಕಾಗದ ಸಮೇತ ಬಾಟಲಿಗೆ ಹಾಕಿ. ಗಾಜ್ ಬಟ್ಟೆಯ ಮೇಲಿಟ್ಟರೆ ಗಸಗಸೆಯಷ್ಟರ ಚೂರು ಎಳೆಗಳಲ್ಲಿ ಸೇರಿ ಕಳೆದುಹೋಗುತ್ತದೆ. ಕೊನೆಗೆ ಅದೇ ನಾಳದಲ್ಲಿ 20 ಮಿ.ಲೀ. ಸಲೈನ್ ಬಿಟ್ಟು ಎಳೆದುಕೊಂಡು ಅದನ್ನೂ ಸಿಬಿನ್ಯಾಟ್‌ಗೆ, ಸೈಟಾಲಜಿಗೆ ಹಂಚಿ.

ಫಾರ್ಮಲಿನ್‌ನಲ್ಲಿ 6 ಗಂಟೆಗಿಂತ ಕಡಿಮೆ, 72 ಗಂಟೆಗಿಂತ ಹೆಚ್ಚು ಇದ್ದರೆ ಮುಂದಿನ ಪರೀಕ್ಷೆಗಳು ಕೆಡುತ್ತವೆ. ಶನಿವಾರ ಮಧ್ಯಾಹ್ನ ತೆಗೆದ ಚೂರು ಹಬ್ಬದ ರಜೆ ದಾಟಿ ಬುಧವಾರ ಲ್ಯಾಬ್ ಸೇರಿದರೆ ಆಯಿತು ಕಥೆ. ಬಾಟಲಿಯ ಮೇಲೆ ದಿನದ ಜೊತೆ ಗಂಟೆಯನ್ನೂ ಬರೆಯಿರಿ. ಮಾಂಸ ಸ್ವಲ್ಪವೇ ಇದೆ, ಬೇಕಾಗುವ ಹೋಳುಗಳನ್ನೆಲ್ಲ ಒಂದೇ ಸಲಕ್ಕೆ ಕೊಯ್ದಿಡಿ ಎಂದು ಪೆಥಾಲಜಿಗೆ ಕೋರಿಕೆ ಪತ್ರದಲ್ಲೇ ಹೇಳಿ. ಪ್ರತಿ ಪರೀಕ್ಷೆಗೂ ಬ್ಲಾಕನ್ನು ಮತ್ತೆ ಮತ್ತೆ ಸಮ ಮಾಡಿದರೆ ಅದರಲ್ಲೇ ಮಾಂಸ ಮುಗಿಯುತ್ತದೆ.

ಸ್ಕೋಪ್ ತೊಳೆಯುವುದು

ಹೊರತೆಗೆದ ಕ್ಷಣವೇ, ಟೇಬಲ್ ಪಕ್ಕದಲ್ಲೇ ಡಿಟರ್ಜೆಂಟ್ ದ್ರಾವಣ ಎಳೆಸಿ. 1.7 ಮಿ.ಮೀ. ಚಾನೆಲ್‌ನಲ್ಲಿ ರಕ್ತ ಒಣಗಿತೆಂದರೆ ಮತ್ತೆ ತೆರೆಯುವುದು ಕಷ್ಟ. ಲೀಕ್ ಟೆಸ್ಟ್ ಮಾಡದೆ ದ್ರಾವಣದಲ್ಲಿ ಮುಳುಗಿಸಬೇಡಿ. ದೊಡ್ಡ ಸ್ಕೋಪಿನ ಬ್ರಷ್ ಇದಕ್ಕೆ ತುರುಕಬಾರದು, ಒಳಪದರ ಹರಿಯುತ್ತದೆ. ಗ್ಲುಟರಾಲ್ಡಿಹೈಡ್ ಆದರೆ ಪೂರ್ತಿ 20 ನಿಮಿಷ. ಕೊನೆಯ ತೊಳೆತಕ್ಕೆ ನಲ್ಲಿಯ ಅಥವಾ ಬೋರಿನ ನೀರು ಬೇಡ, ಸ್ಟೆರೈಲ್ ನೀರೇ ಆಗಬೇಕು. ನಲ್ಲಿ ನೀರಿನಲ್ಲಿ ಕ್ಷಯದ ದಾಯಾದಿ ಬ್ಯಾಕ್ಟೀರಿಯಾಗಳಿರುತ್ತವೆ, ಅವು ಮುಂದಿನ ರೋಗಿಯ ಕಲ್ಚರಿನಲ್ಲಿ ಬೆಳೆದು ಇಲ್ಲದ ರೋಗ ಹೇಳುತ್ತವೆ. ಶೇ. 70ರ ಆಲ್ಕೊಹಾಲ್ ಹಾಯಿಸಿ, ಗಾಳಿ ಊದಿ, ನೇರವಾಗಿ ತೂಗುಹಾಕಿ. ಧಾರವಾಡದ ಮಳೆಗಾಲದಲ್ಲಿ ತಂತಾನೇ ಒಣಗುತ್ತದೆ ಎಂದು ಬಿಡಬೇಡಿ.

ಆಮೇಲೆ

ಗಂಟಲಿನ ಜೋಮು ಇಳಿಯುವ ತನಕ, ಸುಮಾರು ಎರಡು ಗಂಟೆ, ಬಾಯಿಗೆ ಏನೂ ಬೇಡ. ಒಂದು ಗಂಟೆಯ ನಂತರ ಎಕ್ಸ್‌ರೇ ಅಥವಾ ಎದೆಯ ಅಲ್ಟ್ರಾಸೌಂಡ್. ನ್ಯೂಮೊಥೊರಾಕ್ಸ್ ಮೊದಲ ಚಿತ್ರದಲ್ಲಿ ಕಾಣದೆ ಸಂಜೆಗೆ ಕಾಣಿಸಿಕೊಳ್ಳುವುದುಂಟು. ಊರಲ್ಲೇ ಇರುವವರನ್ನು ಸಂಜೆ ಬಿಡಬಹುದು. ಶಿರಹಟ್ಟಿ, ಹಿರೇಕೆರೂರು, ಮುಂಡರಗಿ ಕಡೆಯವರನ್ನು ಕೊನೆಯ ಬಸ್ಸಿಗೆ ಹತ್ತಿಸಬೇಡಿ, ಒಂದು ರಾತ್ರಿ ವಾರ್ಡಿನಲ್ಲೋ ಹುಬ್ಬಳ್ಳಿಯ ನೆಂಟರ ಮನೆಯಲ್ಲೋ ಇರಲಿ. ಜೊತೆ ಬಂದವರಿಗೆ ಹೀಗೆ ಹೇಳಿ: ‘ರಾತ್ರಿ ಸ್ವಲ್ಪ ಜ್ವರ ಬರಬಹುದ್ರಿ, ಅಂಜಬ್ಯಾಡ್ರಿ. ಕಫದಾಗ ಕೆಂಪು ಗೆರಿ ಎರಡ ದಿನ ಇರತೈತಿ. ಆದ್ರ ದಮ್ಮು ಹತ್ತಿದ್ರ, ಎದಿ ಚುಚ್ಚಿದ್ರ, ಚಮಚಾ ತುಂಬ ರಕ್ತ ಬಿದ್ರ ಮುಂಜಾನಿ ತನಕಾ ಕಾಯಬ್ಯಾಡ್ರಿ, ಬಂದಬಿಡ್ರಿ’.

ರಿಪೋರ್ಟಿನಲ್ಲಿ ಕ್ಯಾನ್ಸರ್ ಎಂದೋ, ಸಿಬಿನ್ಯಾಟ್‌ನಲ್ಲಿ ಕ್ಷಯ ಎಂದೋ ಬಂದರೆ ದಾರಿ ಸ್ಪಷ್ಟ. ‘ನಿರ್ದಿಷ್ಟವಲ್ಲದ ಉರಿಯೂತ’ ಎಂದು ಬಂದಾಗ ಎಚ್ಚರ ಬೇಕು. ಅದು ಕ್ಯಾನ್ಸರ್ ಅಲ್ಲ ಎಂಬ ಉತ್ತರವಲ್ಲ, ಫೋರ್ಸೆಪ್ಸ್ ಗಂಟನ್ನು ಮುಟ್ಟದೆ ಇದ್ದಿರಬಹುದು ಎಂಬ ಸೂಚನೆ. ಅಂದು ಉಳಿಸಿದ ಈಬಸ್ ಚಿತ್ರ ತೆಗೆದು ನೋಡಿ. ಪ್ರೋಬ್ ಗಂಟಿನ ನಡುವೆ ಇರಲಿಲ್ಲವಾದರೆ ಮತ್ತೊಮ್ಮೆ ಹೋಗಿ, ಇಲ್ಲವೇ ಹೊರಸೂಜಿಗೋ ಸರ್ಜನ್ನರಿಗೋ ಕಳಿಸಿ. ಗ್ರ್ಯಾನ್ಯುಲೋಮಾ (ಕ್ಷಯದಂಥ ರೋಗಗಳಲ್ಲಿ ಕಾಣುವ ಜೀವಕೋಶಗಳ ಗುಂಪು) ಮಾತ್ರ ಕಂಡು, ಕ್ರಿಮಿ ಸಿಗದೆ, ಕ್ಷಯದ ಔಷಧಿ ಶುರುಮಾಡಿದ್ದರೆ ಎರಡು-ಮೂರು ತಿಂಗಳಿಗೆ ಸಿಟಿ ಮಾಡಿ ಅಳತೆ ಹೋಲಿಸಿ. ಔಷಧಿ ನಡೆಯುತ್ತಿರುವಾಗಲೇ ಗಂಟು ಬೆಳೆದಿದ್ದರೆ ಮತ್ತೆ ಚೂರು ತೆಗೆಯಬೇಕು. ಆ ಸಿಟಿಯ ದಿನಾಂಕವನ್ನು ಡಿಸ್ಚಾರ್ಜ್ ಕಾರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆಯಿರಿ, ಮನೆಯಲ್ಲಿ ಓದಬಲ್ಲ ಒಬ್ಬರ ಫೋನ್ ನಂಬರನ್ನು ನಿಮ್ಮ ರಿಜಿಸ್ಟರಿನಲ್ಲಿ ಬರೆದುಕೊಂಡು, ಆ ದಿನಕ್ಕೆ ವಾರ ಮುಂಚೆ ಫೋನ್ ಮಾಡಿ.